ರಾಹುಕಾಲದ ಕಿಂಡಿ

ಅನಿಲನ ಕೈ ಇನ್ನೂ ಸ್ಟೀಲಿನ ಡಬ್ಬಿಯೊಳಗೇ ಇತ್ತು. ಶೈಲಾ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು.

“ಈಗೇನ ಮಾಡಿದಿ?”

“ಕುಛ್ ನಹೀ ಮ್ಯಾಡಮ್... ಬಿಲ್ಲೆ ತೆಗೆದೆ.”

“ತಗದಿ, ನೋಡಿದಿ, ತಿರುಗಿ ಒಳಗ ಹಾಕಿದಿ. ನಾಲ್ಕನೇ ನಂಬರ್ ಬಂದಿತ್ತು. ನಾ ಏನ ಕುರುಡಿ ಅಲ್ಲ.”

ಅನಿಲ ಬೆಪ್ಪಾಗಿ ಅವಳ ಮುಖ ನೋಡಿದ. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಶೈಲಾ ಬಹಳ ಕಂಡಿದ್ದಳು. ಇವನು ಹೆಗಲು ಮುಟ್ಟಿಕೊಳ್ಳಲಿಲ್ಲ. ತಾನು ಮಾಡಿದ ತಪ್ಪೇನು ಎಂಬುದೇ ತಿಳಿಯದವನಂತೆ ನಿಂತಿದ್ದ. ಅವಳ ಅನುಮಾನ ಅದರಿಂದ ಇನ್ನಷ್ಟು ಹೆಚ್ಚಾಯಿತು.

ಮಾಟುಂಗ ಸ್ಟೇಷನ್ನಿನ ಮಗ್ಗುಲಿನ ಹಳೆಯ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ ಕನ್ನಡ ಸೇವಾ ಮಂಡಳಿಯ ಡಯಾಲಿಸಿಸ್ ಕೇಂದ್ರವಿತ್ತು. ಅನಿಲ ಅದರ ಟೆಕ್ನೀಶಿಯನ್. ನಂಬರಿನ ಬಿಲ್ಲೆ ಎತ್ತಿ ಕಾವಲಿನ ಹೊತ್ತು ಗೊತ್ತುಮಾಡುವುದು ಶುರುವಾದ ಮೇಲೂ ಯಾರೋ ಐದು ಸಲ ಕೇಂದ್ರದ ಕಂಪ್ಯೂಟರಿಗೆ ನುಗ್ಗಿ, ರೋಗಿಗಳ ರಕ್ತ ತೊಳೆಯುವ ಮಶೀನುಗಳನ್ನು ನಡುವೆಯೇ ನಿಲ್ಲಿಸಿದ್ದರು. ಮೊನ್ನೆ ಮಂಗಳವಾರ ಘಾಟಕೋಪರದ ಮುದುಕರೊಬ್ಬರ ಉಸಿರೇ ನಿಂತು, ಸಿಸ್ಟರ್ ಜ್ಯೋತ್ಸ್ನಾ ಎದೆ ಒತ್ತಿ ಒತ್ತಿ ಉಳಿಸಿಕೊಂಡಿದ್ದಳು. ಇನ್ನೊಂದು ಸಲ ಹೀಗಾದರೆ ಕೇಂದ್ರಕ್ಕೆ ಬೀಗ ಎಂದು ಟ್ರಸ್ಟಿಗಳು ಹೇಳಿಬಿಟ್ಟಿದ್ದರು.

ಬೀಗ ಬಿದ್ದರೆ ಇಲ್ಲಿಯೇ ಡಯಾಲಿಸಿಸ್ ಮಾಡಿಸಿಕೊಳ್ಳುವ ಚಿಕ್ಕಮ್ಮ, ರುಕ್ಮಿಣಿಬಾಯಿ ಮಾವಶಿಯನ್ನು ಎಲ್ಲಿಗೆ ಕರೆದೊಯ್ಯುವುದು? ಶೈಲಾ ಊರೆಲ್ಲ ಸುತ್ತಿ ಕೇಳಿ ಬಂದಿದ್ದಳು. ಎಲ್ಲ ಕಡೆಯೂ ಸರದಿ ಉದ್ದವಿತ್ತು. ಮಶೀನಿಲ್ಲದೆ ಈಕೆ ಒಂದು ವಾರ ಕಳೆಯುವುದೂ ಕಷ್ಟ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ತಾಯಿ ಸತ್ತ ಶೈಲಾಳನ್ನು ಧಾರವಾಡದಿಂದ ಕರೆತಂದು, ವಿಲೆ ಪಾರ್ಲೆಯ ಒಂಟಿ ಕೋಣೆಯಲ್ಲಿ ಸಾಕಿ, ಕಾಲೇಜು ಓದಿಸಿದ ಜೀವ ಅದು. ದೊಡ್ಡ ಕಂಪನಿಗಳ ಕಂಪ್ಯೂಟರ್ ಕಳ್ಳರನ್ನು ಹಿಡಿಯುತ್ತಿದ್ದ ಶೈಲಾ ಎಲ್ಲ ಬಿಟ್ಟು ಇಲ್ಲಿ ಕಾವಲಿಗೆ ಕೂತದ್ದು ಆ ಒಂದು ಜೀವಕ್ಕಾಗಿ.

“ಯಾಕ ವಾಪಸ್ ಹಾಕಿದಿ ಅಂತ ಕೇಳಿದೆ.”

“ಆಜ್ ಶುಕ್ರವಾರ ಹೈ ನಾ ಮ್ಯಾಡಮ್. ಫ್ರೈಡೇಗೆ ಚಾರ್ ನಂಬರ್ ನಹೀ ಚಲ್ತಾ.”

“ಯಾರ ಹೇಳಿದ್ರು?”

“ಶರಣಬಸಪ್ಪ ಕಾಕಾ. ಮಂಡೇ ಎರಡು ಬಿಡು, ಟ್ಯೂಸ್‌ಡೇ ಏಳು ಬಿಡು... ಹರ್ ದಿನ್ ಒಂದು ನಂಬರ್ ಬಿಡೋದು. ಮುಝೆ ಲಗಾ, ನಿಮ್ದೇ ಫಾರ್ಮುಲಾ ಅದು ಅಂತ!”

ಶೈಲಾ ಅವನ ಕೈ ಬಿಟ್ಟಳು.

ಫಾರ್ಮುಲಾ ಅವಳದೇ. ಆದರೆ ಅದರಲ್ಲಿ ಬಿಡುವ ನಂಬರು ಎಂಬುದೇ ಇರಲಿಲ್ಲ. ಟ್ರಸ್ಟಿಗಳನ್ನೆಲ್ಲ ಕೂರಿಸಿಕೊಂಡು ಅವಳು ವಿವರಿಸಿದ್ದಳು: “ಲೋಕಲ್ ಟ್ರೇನಿನ ಟೀಸಿಯನ್ನ ನೋಡ್ರಿ. ಎಲ್ಲಾ ಡಬ್ಬಿ ತಪಾಸ ಮಾಡಲಿಕ್ಕೆ ಅವಗ ಆಗೂದಿಲ್ಲ. ದಿನಾ ದಾದರದಾಗ ನಿಂತ್ರ ಟಿಕೀಟಿಲ್ಲದವ ಮಾಟುಂಗದಾಗ ಇಳದು ನಡಕೋತ ಹೋಗ್ತಾನ. ಇವತ್ತ ಎಲ್ಲಿ ನಿಲ್ತೀನಿ ಅನ್ನೂದು ಮುಂಜಾನೆ ತನಕಾ ಟೀಸಿಗೂ ಗೊತ್ತಿರಬಾರದು. ಆವಾಗ ಕಳ್ಳಗ ಎಲ್ಲಾ ಸ್ಟೇಷನ್ನಿನಾಗೂ ಅಂಜಿಕಿ.”

ಕೇಂದ್ರಕ್ಕೆ ನುಗ್ಗುವವನು ಹೊರಗೆ ಹೋಗುವಾಗ ತನ್ನ ಹೆಜ್ಜೆ ಗುರುತು ಒರೆಸಿಕೊಂಡೇ ಹೋಗುತ್ತಿದ್ದ. ಒಳಗಿದ್ದಾಗಲೇ ಅವನನ್ನು ಕಣ್ಣಿಟ್ಟು ಹಿಡಿಯಬೇಕು. ಅನಿಲ ಒಬ್ಬನೇ, ಮಶೀನು ರಿಪೇರಿಯೂ ಅವನದೇ. ಅರ್ಧ ದಿನಕ್ಕಿಂತ ಹೆಚ್ಚು ಪರದೆಯ ಮುಂದೆ ಕೂರುವಂತಿರಲಿಲ್ಲ. ಹಾಗಾಗಿ ಶೈಲಾ ಹಗಲನ್ನು ಒಂದೂವರೆ ಗಂಟೆಯ ಎಂಟು ಜಾವ ಮಾಡಿ, ಮಂಡಳಿಯ ವಾರ್ಷಿಕೋತ್ಸವದ ಹೌಸೀ ಆಟದಿಂದ ಒಂದರಿಂದ ಎಂಟರವರೆಗಿನ ನಂಬರಿನ ಎಂಟು ಬಿಲ್ಲೆ ತೆಗೆದು ಡಬ್ಬಿಗೆ ಹಾಕಿದ್ದಳು. ದಿನವೂ ಮುಂಜಾನೆ ಕಣ್ಣು ಮುಚ್ಚಿ ನಾಲ್ಕು ಎತ್ತುವುದು. ಬಂದ ಜಾವಗಳಲ್ಲಿ ಕಾವಲು.

ಆಮೇಲೂ ಐದು ದಾಳಿ, ಐದೂ ಕಾವಲಿಲ್ಲದ ಜಾವದಲ್ಲಿ. ನಾಣ್ಯ ಐದು ಸಲ ಚಿಮ್ಮಿದರೆ ಐದೂ ಸಲ ಕಳ್ಳನ ಕಡೆಗೇ ಬೀಳಬಹುದು, ಇಲ್ಲವೆನ್ನಲಾಗದು. ಆದರೆ ನಂಬುವುದು ಕಷ್ಟ. ಎಲ್ಲರ ಕಣ್ಣೂ ಬಿಲ್ಲೆ ಎತ್ತುವವನ ಮೇಲೆ ಬಿದ್ದಿತ್ತು. “ಬೇಲಿನ ಎದ್ದು ಹೊಲ ಮೇದರ ಯಾರಿಗಿ ಹೇಳೂದ್ರಿ?” ಎಂದು ಮಂಡಳಿಯ ಕಾರ್ಯದರ್ಶಿ ಶರಣಬಸಪ್ಪನವರೇ ಅನಿಲನ ಬೆನ್ನ ಹಿಂದೆ ಹೇಳಿದ್ದರು.

ಈಗ ನೋಡಿದರೆ ಅದೇ ಶರಣಬಸಪ್ಪ!

ಸೋಮವಾರ ಎರಡನೆಯ ಜಾವ. ಮಂಗಳವಾರ ಏಳನೆಯದು. ಶುಕ್ರವಾರ ನಾಲ್ಕನೆಯದು, ಹತ್ತೂವರೆಯಿಂದ ಹನ್ನೆರಡು. ಕೆಳಗೆ ಹೂವು ಮಾರುವವನನ್ನು ಕೇಳಿದ್ದರೂ ಥಟ್ಟನೆ ಹೇಳುತ್ತಿದ್ದ, ಅದು ರಾಹುಕಾಲ. ಶೈಲಾ ದಾಳಿಯಾದ ಹೊತ್ತನ್ನೆಲ್ಲ ಗಡಿಯಾರದಲ್ಲಿ ಹುಡುಕಿದ್ದಳು, ಪಂಚಾಂಗದಲ್ಲಿ ಹುಡುಕಿರಲಿಲ್ಲ. ಐದು ದಾಳಿಯನ್ನೂ ಮನಸ್ಸಿನಲ್ಲೇ ಜೋಡಿಸಿ ನೋಡಿದಳು. ಐದೂ ರಾಹುಕಾಲದಲ್ಲೇ ಆಗಿದ್ದವು. ಕಳ್ಳನಿಗೆ ಹೆದರಿ ಕಟ್ಟಿದ ಕೋಟೆಯಲ್ಲಿ ರಾಹುವಿಗೆ ಹೆದರಿ ಒಂದು ಕಿಂಡಿ ಬಿಟ್ಟಿದ್ದರು. ಅವಳಿಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು.

“ತೋ ಮೈ ಚೋರ್ ನಹೀ, ಕಳ್ಳ ಅಲ್ಲ ಅಂತ ಆಯ್ತಾ?” ಅನಿಲ ಕೇಳಿದ.

“ಹಂಗ ನಾ ಇನ್ನೂ ಹೇಳಿಲ್ಲ.”

ಕಿಂಡಿ ಇದೆಯೆಂದು ಕಳ್ಳನಿಗೆ ತಿಳಿಯುವುದು ಎರಡು ದಾರಿಯಲ್ಲಿ. ಹೊರಗಿನವನಾದರೆ ಗೋಡೆ ತಡಕಬೇಕು. ಒಂದೆರಡು ಸಲ ತಲೆ ಚಚ್ಚಿಸಿಕೊಂಡು, ಕಾವಲಿನ ಹೊತ್ತಿನಲ್ಲಿ ಸಿಕ್ಕಿಬಿದ್ದು ಓಡಿ, ಆಮೇಲೆ ಕಲಿಯಬೇಕು. ಇವನು ಒಂದು ಸಲವೂ ತಡಕಲಿಲ್ಲ. ಕಾವಲು ಶುರುವಾದ ಮೇಲಿನ ಮೊದಲನೆಯ ದಾಳಿಯೇ ನೆಟ್ಟಗೆ ಕಿಂಡಿಯೊಳಗೆ ಬಂದಿತ್ತು. ಹಾಗಾದರೆ ಅವನು ಕಲಿತವನಲ್ಲ, ಮೊದಲೇ ತಿಳಿದಿದ್ದವನು. ಈ ಮಹಡಿಯ ಮೇಲೆ ಓಡಾಡುವವರಲ್ಲೇ ಯಾರೋ ಒಬ್ಬರು.

ಶೈಲಾ ಡಬ್ಬಿಯಿಂದ ನಾಲ್ಕನೇ ಬಿಲ್ಲೆಯನ್ನು ಹೆಕ್ಕಿ, ಮೊದಲೇ ಬಂದಿದ್ದ ಮೂರರ ಜೊತೆ ಮೇಜಿನ ಮೇಲಿಟ್ಟಳು. ಐದನೇ ನಂಬರಿನದು ಡಬ್ಬಿಯಲ್ಲೇ ಉಳಿಯಿತು.

“ಇವತ್ತ ಹತ್ತೂವರೆಗೆ ಕಾವಲಿಗೆ ಕೂಡೂದು. ಯಾರ ಮುಂದೂ ಬಾಯಿ ಬಿಡಬ್ಯಾಡ. ಕಾಕಾನ ಮುಂದೂ. ನಿನ್ನ ಮೊಬೈಲ್ ಇತ್ತ ಕೊಡು.”

ಅವನು ಮೊಬೈಲು ಕೊಟ್ಟ. ಅವಳು ಅದನ್ನು ಆಫ್ ಮಾಡಿ ತನ್ನ ಪರ್ಸಿಗೆ ಹಾಕಿಕೊಂಡಳು.

*

ಪ್ಯಾಸೇಜಿನಲ್ಲಿ ತಿಲಕ್ ಲ್ಯಾಪ್‌ಟಾಪಿನ ಚೀಲ ಹೊತ್ತು ನಿಂತಿದ್ದ. ಕೇಂದ್ರದ ಸಾಫ್ಟ್‌ವೇರ್ ಹಾಕಿಕೊಟ್ಟ ಕಂಪನಿಯವನು, ಉಡುಪಿ ಕಡೆಯ ಮನುಷ್ಯ. ಕಂಪ್ಯೂಟರ್ ಶುರು ಮಾಡುವ ದಿನ ತೆಂಗಿನಕಾಯಿ ಒಡೆಯದೆ ಗುಂಡಿ ಒತ್ತುವುದಿಲ್ಲವೆಂದು ಹಟ ಹಿಡಿದವನು.

“ಏನ್ರಿ ತಿಲಕ್, ಇವತ್ತ ನಿಮ್ಮ ಅಪ್‌ಡೇಟ್ ಹಾಕಬೇಕಿತ್ತಲ್ಲ?”

“ಹಾಕುವ ಮ್ಯಾಡಂ, ಹನ್ನೆರಡು ಗಂಟೆ ಕಳೀಲಿ. ಈಗ ಬೇಡ ಮಾರಾಯ್ರೆ.”

“ಈಗ ಯಾಕ ಬ್ಯಾಡ?”

“ಶುಕ್ರವಾರ ಅಲ್ವಾ? ರಾಹುಕಾಲದಲ್ಲಿ ಶುರು ಮಾಡಿದ್ದು ಎಂತದೂ ನಿಲ್ಲುದಿಲ್ಲ. ನೀವು ನಗಾಡ್ತೀರಿ, ನನಗೆ ಗೊತ್ತುಂಟು.”

ಶೈಲಾ ನಗಲಿಲ್ಲ. ಅವನ ಕಣ್ಣುಗಳನ್ನೇ ನೋಡಿದಳು. ಅಲ್ಲಿ ನಿದ್ದೆಗೆಟ್ಟ ಕೆಂಪು ಬಿಟ್ಟರೆ ಬೇರೇನೂ ಕಾಣಲಿಲ್ಲ. ಕಾಫಿ ಕುಡಿದು ಬರುತ್ತೇನೆಂದು ಅವನು ಮೆಟ್ಟಿಲಿಳಿದ. ಇಳಿಯುವ ಮೊದಲು ವಾರ್ಡಿನ ಬಾಗಿಲಿನತ್ತ ಒಮ್ಮೆ ತಿರುಗಿ ನೋಡಿದ್ದನ್ನು ಅವಳು ಗಮನಿಸಿದಳು.

ವಾರ್ಡಿನಲ್ಲಿ ಆರು ಮಂಚ, ಆರು ಮಶೀನು. ಕಿಟಕಿಯ ಪಕ್ಕದ ಮಂಚದಲ್ಲಿ ಮಾವಶಿ. ತೋಳಿಗೆ ಎರಡು ನಳಿಗೆ ಸೇರಿಸಿಯಾಗಿತ್ತು; ಕೆಂಪು ರಕ್ತ ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತಿತ್ತು. ಶೈಲಾ ನಳಿಗೆಯಿಂದ ಕಣ್ಣು ತೆಗೆದು ಮಂಚದ ಹತ್ತಿರ ಹೋದಳು.

“ಏನವಾ, ಮಾರಿ ಹಿಂಗ್ಯಾಕ ಮಾಡಿ?” ಎಂದಳು ಮಾವಶಿ. ಮುಡಿಯಲ್ಲಿ ದಟ್ಟವಾಗಿ ಕಟ್ಟಿದ ಮಲ್ಲಿಗೆಯಿತ್ತು.

“ಹೂವು ಎಲ್ಲಿದು?”

“ಯಾರೋ ಪುಣ್ಯಾತ್ಮರು ಕೊಟ್ರು. ರೋಗ ಬಂದವರು ಹೂವು ಮುಡೀಬಾರದೇನು?”

ಪಕ್ಕದ ಮಂಚದ ಕಾಶವ್ವ ಬಾಯಿಗೆ ಸೆರಗು ಮುಚ್ಚಿ ನಕ್ಕಳು. ಕಟ್ಟಡಗಳಲ್ಲಿ ಕಲ್ಲು ಮಣ್ಣು ಹೊತ್ತು ಬದುಕಿದ ಬಾಗಲಕೋಟೆ ಕಡೆಯ ಹೆಣ್ಣುಮಗಳು. “ನಿಮ್ಮ ಮಾವಶಿ ಗಟ್ಟಿಗಿತ್ತಿ ಬಿಡವ್ವ. ನಮ್ಮೆಲ್ಲಾರ ಮಶೀನೂ ಒಂದಿಲ್ಲೊಂದ ಸಲ ನಿಂತಾವ. ಆಕಿದು ಒಮ್ಮಿನೂ ನಿಂತಿಲ್ಲ.”

“ನನ್ನ ಮಶೀನಿಗೆ ಹಣಮಪ್ಪನ ಕಾವಲದ,” ಎಂದಳು ಮಾವಶಿ. ಆಮೇಲೆ ಶೈಲಾಳ ಕೈ ಎಳೆದು ಹತ್ತಿರ ಕೂರಿಸಿಕೊಂಡು ದನಿ ತಗ್ಗಿಸಿದಳು. “ಕಳ್ಳ ಸಿಕ್ಕನೇನು?”

ಚಿಕ್ಕಂದಿನಿಂದ ಶೈಲಾ ಮಾವಶಿಯ ಹತ್ತಿರ ಏನನ್ನೂ ಬಚ್ಚಿಟ್ಟವಳಲ್ಲ. ಪರೀಕ್ಷೆಯಲ್ಲಿ ಫೇಲಾದದ್ದನ್ನೂ, ಲಗ್ನ ಮುರಿದುಕೊಂಡದ್ದನ್ನೂ ಮೊದಲು ಕೇಳಿದ ಕಿವಿ ಇದೇ.

“ಇವತ್ತ ಸಿಗ್ತಾನ. ರಾಹುಕಾಲದಾಗ ಕಾವಲಿಲ್ಲ ಅಂತ ತಿಳದಾನ. ಬರಲಿ, ನಾ ಕೂತಿರ್ತೀನಿ.”

ಮಾವಶಿ ಅವಳ ಕೈಯನ್ನು ಮೆಲ್ಲಗೆ ತಟ್ಟಿದಳು. “ಜ್ವಾಕಿ, ನನ್ನವ್ವ.”

*

ಕಂಪ್ಯೂಟರ್ ಕೋಣೆ ಮೊದಲು ಮಂಡಳಿಯ ಅಡಿಗೆಮನೆಯಾಗಿತ್ತು. ಗೋಡೆಯಲ್ಲಿ ಇನ್ನೂ ಒಗ್ಗರಣೆಯ ವಾಸನೆ. ಶೈಲಾ ಮತ್ತು ಅನಿಲ ಪರದೆಯ ಮುಂದೆ ಕೂತರು. ಹೊರಗೆ ಲೋಕಲ್ ಹೋದಾಗಲೆಲ್ಲ ಮೇಜಿನ ಮೇಲಿನ ಬಿಲ್ಲೆಗಳು ಅದುರುತ್ತಿದ್ದವು.

ಹಿಂದಿನ ಎರಡು ಶುಕ್ರವಾರವೂ ಇದೇ ಹೊತ್ತಿಗೆ ಬಂದವನು ಇಂದು ಬರಲಿಲ್ಲ. ಹನ್ನೊಂದಾಯಿತು, ಹನ್ನೊಂದೂವರೆಯೂ ಆಯಿತು. ಕಂಪ್ಯೂಟರಿನ ಬಾಗಿಲು ತಟ್ಟಿ ನೋಡಿದ ಗುರುತೂ ಇಲ್ಲ.

“ಛುಟ್ಟಿ ಹಾಕಿದಾನೆ ಕಳ್ಳ,” ಎಂದ ಅನಿಲ.

ಶೈಲಾಳಿಗೆ ನಗು ಬರಲಿಲ್ಲ. ಎದುರಾಳಿ ಕಾಯಿ ನಡೆಸದೆ ಸುಮ್ಮನೆ ಕೂತರೆ ಅದೂ ಒಂದು ನಡೆಯೇ. ಬಲೆ ಹಾಸಿದ ದಿನವೇ ಮೀನು ಈ ಕಡೆ ಸುಳಿಯಲಿಲ್ಲವೆಂದರೆ ಬಲೆಯ ಸುದ್ದಿ ಅದಕ್ಕೆ ಮುಟ್ಟಿದೆ. ಸುದ್ದಿ ಗೊತ್ತಿದ್ದದ್ದು ತನಗೆ ಮತ್ತು ಅನಿಲನಿಗೆ. ಅನಿಲ ಕೋಣೆ ಬಿಟ್ಟು ಏಳಲಿಲ್ಲ, ಅವನ ಮೊಬೈಲು ಅವಳ ಪರ್ಸಿನಲ್ಲಿದೆ. ಆದರೂ ಅವಳು ಅವನ ಬೆರಳುಗಳನ್ನೇ ನೋಡುತ್ತ ಕೂತಳು. ಕೀಲಿಮಣೆಯ ಮೇಲೆ ಅವನು ಏನಾದರೂ ಒತ್ತಿದ್ದನೆ? ಒತ್ತಿದ್ದರೆ ತನ್ನ ಕಣ್ಣು ತಪ್ಪಿಸಿ ಒತ್ತಲು ಸಾಧ್ಯವಿತ್ತೆ?

ಹನ್ನೆರಡಕ್ಕೆ ಇನ್ನೇನು ಕೆಲವೇ ನಿಮಿಷವಿದ್ದಾಗ ಬಾಗಿಲು ತೆರೆದು ಶರಣಬಸಪ್ಪ ಒಳಗೆ ಬಂದರು. ವಿಜಯಪುರದವರು; ದಾದರಿನಲ್ಲಿ ಇಳಕಲ್ಲ ಸೀರೆಯ ಅಂಗಡಿ. ಬಿಳಿಯ ಅಂಗಿ, ಬಿಳಿಯ ಟೊಪ್ಪಿಗೆ, ಹಣೆಯ ತುಂಬ ವಿಭೂತಿ.

“ಟ್ರಸ್ಟಿ ಮಂದಿ ಊಟಾದ ಮ್ಯಾಲ ಬರ್ತಾರವಾ. ಏನ ಹೇಳಲಿ ಅವರಿಗಿ?” ಎಂದವರು, ಮೇಜಿನ ಮೇಲೆ ನಾಲ್ಕನೇ ಬಿಲ್ಲೆ ಕಂಡು ತಡೆದರು. “ಇವತ್ತ ನಾಕು ತಗದೀರೇನು? ಶುಕ್ರವಾರಲ್ಲ ಇವತ್ತ?”

ಶೈಲಾ ಎದ್ದು ಬಾಗಿಲು ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತಳು.

“ಶುಕ್ರವಾರ ಆದ್ರ ಏನಾತ್ರಿ?”

ಶರಣಬಸಪ್ಪ ಅನಿಲನತ್ತ ನೋಡಿದರು. ಅನಿಲ ತಲೆ ತಗ್ಗಿಸಿದ.

“ಅಂವನ್ನ ಯಾಕ ನೋಡ್ತೀರಿ? ನನ್ನ ನೋಡ್ರಿ. ನನ್ನ ಆಟದಾಗ ತೂತು ಕೊರದವರು ನೀವು. ದಿನಾ ಒಂದು ನಂಬರ್ ಬಿಡು ಅಂತ ಇವಗ ಹೇಳಿ, ಮ್ಯಾಲ ಇವನ್ನ ಕಳ್ಳ ಅಂತನೂ ಅಂದ್ರಿ. ಕಾಕಾ, ಮಂಗಳವಾರ ಒಬ್ಬರು ಸಾಯ್ತಿದ್ರು!”

“ತಂಗಿ, ನಾ ಏನ ಕೆಟ್ಟದ್ದಕ್ಕ ಮಾಡಿಲ್ಲ...”

“ಬಿಲ್ಡಿಂಗ್ ಕೆಡವಿ ಟವರ್ ಕಟ್ಟತೀನಿ ಅಂತ ಬಿಲ್ಡರ್ ಓಡಾಡ್ಲಿಕತ್ತಾನ. ಈ ಕೇಂದ್ರ ಒಂದು ಖಾಲಿ ಆದ್ರ ಅವನ ಕೆಲಸ ಹಗುರ. ಅವಗೂ ನಿಮಗೂ ಏನ ಮಾತುಕತಿ ಆಗ್ಯಾವ ಹೇಳ್ರಿ.”

ಶರಣಬಸಪ್ಪನವರ ಮುಖ ಕಪ್ಪಿಟ್ಟಿತು. ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು.

“ಈ ಕೇಂದ್ರಕ್ಕ ಮೊದಲನೇ ಮಶೀನ್ ತಂದಾಂವ ನಾನು. ನನ್ನ ಹೇಣ್ತಿ ಮಶೀನಿಲ್ಲದ ಸತ್ತಳು ಅಂತ ತಂದೆ. ನನಗ ಬಿಲ್ಡರನ ಮಾತು ಆಡ್ತಿ?”

“ಹಂಗಾದ್ರ ರಾಹುಕಾಲ ಯಾಕ ಬಿಡಿಸಿದ್ರಿ?”

“ರಾಹುಕಾಲ ನಂದಲ್ಲವಾ!” ಶರಣಬಸಪ್ಪ ಮೇಜು ಗುದ್ದಿದರು. “ನಾವು ಶರಣರ ಮನೆತನದ ಮಂದಿ. ಹೊತ್ತು ಗಳಿಗಿ ನಮ್ಮ ಮನ್ಯಾಗ ಯಾರ ನೋಡ್ತಾರ? ನಮ್ಮಪ್ಪ ನನ್ನ ಲಗ್ನಾನ ಅಮಾಸಿ ದಿನ ಮಾಡ್ಯಾನ. ಇಡೀ ಬಿಜಾಪುರ ನಕ್ಕಿತ್ತು. ನನಗ ರಾಹು ಯಾರು, ಕೇತು ಯಾರು?”

ಶೈಲಾ ಅವರ ಹಣೆಯ ವಿಭೂತಿಯತ್ತ ನೋಡಿದಳು. ನಿಜ. ಮುಂಜಾನೆಯೇ ಹೊಳೆಯಬೇಕಿತ್ತು. ಕಳ್ಳ ಕಿಂಡಿಯನ್ನು ಹುಡುಕಿಕೊಂಡವನಲ್ಲ, ಯಾರದೋ ಕೈಯಿಂದ ಮಾಡಿಸಿಕೊಂಡವನು. ಕಾವಲುಗಾರನ ಆಟವನ್ನು ಕಾವಲುಗಾರನಿಗಿಂತ ಮೊದಲೇ ತಿದ್ದಿಟ್ಟವನು.

“ಮತ್ತ ನಿಮಗ ಯಾರ ಹೇಳಿದ್ರು?” ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿಸಿತು. “ತಿಲಕ್ ಏನು?”

“ಅಂವ ಹೇಳಿದ್ರ ನಾ ಕೇಳ್ತಿದ್ದೆನೇನು?” ಶರಣಬಸಪ್ಪ ಕುರ್ಚಿಯಲ್ಲಿ ಕುಸಿದು ಕೂತರು. “ಪೇಶಂಟ್ ಕೈ ಮುಗದು ಕೇಳಿದ್ರ ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲವಾ. ಮಶೀನಿನ ಮ್ಯಾಲಿರೋ ಮಂದಿ ಅಂಜತಾರ, ರಾಹುಕಾಲದಾಗ ಆ ಕಂಪ್ಯೂಟರ್ ತಂಟೆಕ್ಕ ಹೋಗಬ್ಯಾಡ್ರಿ ಅಂದ್ಲು. ಎಲ್ಲಾರ ಪರವಾಗಿ ಕೇಳತೀನಿ ಅಂದ್ಲು. ಶೈಲಾಗ ಹೇಳಬ್ಯಾಡ್ರಿ, ಆಕಿ ನಗತಾಳ ಅಂತನೂ ಅಂದ್ಲು.”

“ಯಾರು?”

“ಇನ್ನ್ಯಾರು? ನಿಮ್ಮ ಮಾವಶಿ.”

ಶೈಲಾ ಇಲ್ಲವೆಂಬಂತೆ ತಲೆಯಾಡಿಸಿದಳು. ಮಾವಶಿ ಏಕಾದಶಿ ಹಿಡಿದವಳು, ಹಣಮಪ್ಪನ ಗುಡಿಗೆ ಹೋಗುವವಳು, ಹೌದು. ಆದರೆ ರಾಹುಕಾಲ? ಶೈಲಾಳ ಕಾಲೇಜು ಫೀ ಕಟ್ಟುವ ದಿನ ನೆರೆಮನೆಯವರು ಹೊತ್ತು ಸರಿಯಿಲ್ಲವೆಂದಾಗ, “ಒಳ್ಳೇ ಕೆಲಸಕ್ಕ ಎಲ್ಲಾ ಹೊತ್ತೂ ಒಳ್ಳೇದ” ಎಂದು ಚಪ್ಪಲಿ ಮೆಟ್ಟಿ ಹೊರಟವಳು ಅವಳೇ. ಆ ಮಾವಶಿಗೆ ರಾಹುವಿನ ಭಯ ಯಾವಾಗ ಬಂತು? ಬರಲೇ ಇಲ್ಲದಿದ್ದರೆ?

ಇಂದಿನ ಬಲೆಯ ಸುದ್ದಿ ಗೊತ್ತಿದ್ದದ್ದು ಇಬ್ಬರಿಗಲ್ಲ. ಮೂವರಿಗೆ.

ಗೋಡೆಯ ಗಡಿಯಾರ ಹನ್ನೆರಡು ದಾಟಿತ್ತು. ಅನಿಲ ಪರದೆಯಿಂದ ಹಿಂದಕ್ಕೆ ಸರಿದು ಮೈ ಮುರಿದ. ಐದನೇ ಜಾವ ಶುರುವಾಗಿತ್ತು, ಅದರ ಬಿಲ್ಲೆ ಡಬ್ಬಿಯೊಳಗಿತ್ತು. ಅದೇ ಗಳಿಗೆಗೆ ವಾರ್ಡಿನಿಂದ ಒಂದು ಬೀಪ್ ಕೇಳಿಸಿತು. ಮತ್ತೊಂದು ಕೇಳಿಸಿತು. ಆಮೇಲೆ ಎಲ್ಲವೂ ಒಟ್ಟಿಗೇ ಕೂಗತೊಡಗಿದವು.

ಶೈಲಾ ಓಡಿದಳು.

“ಶೈಲಾತಾಯಿ, ಇಕಡೆ ಯಾ!” ಸಿಸ್ಟರ್ ಜ್ಯೋತ್ಸ್ನಾ ಎರಡು ಮಂಚಗಳ ನಡುವೆ ನಿಂತು ಎರಡೂ ಕೈಯಲ್ಲಿ ಎರಡು ಮಶೀನಿನ ಹಿಡಿಕೆ ತಿರುಗಿಸುತ್ತಿದ್ದಳು. “ಕಾಶವ್ವಂದು ಹಿಡೀ! ಫಿರವ, ತಿರುಗಿಸು, ನಿಲ್ಲಿಸಬೇಡ! ರಕ್ತ ಗಟ್ಟಿಯಾಗುತ್ತೆ!”

ಶೈಲಾ ಕಾಶವ್ವನ ಮಶೀನಿನ ಹಿಡಿಕೆ ಹಿಡಿದು ತಿರುಗಿಸತೊಡಗಿದಳು. ನಳಿಗೆಯಲ್ಲಿ ನಿಂತಿದ್ದ ರಕ್ತ ಮೆಲ್ಲಗೆ ಹರಿಯಿತು. ಕಾಶವ್ವ ಕಣ್ಣು ಮುಚ್ಚಿ “ಎವ್ವಾ, ಎವ್ವಾ” ಎನ್ನುತ್ತಿದ್ದಳು. ಹಿಂದೆಯೇ ಬಂದ ಅನಿಲ, ಶರಣಬಸಪ್ಪ ಉಳಿದ ಎರಡು ಮಶೀನಿಗೆ ಕೈ ಹಚ್ಚಿದರು.

ಐದು ಪರದೆಗಳು ಕೆಂಪಾಗಿ ಮಿನುಗುತ್ತಿದ್ದವು. ಕಿಟಕಿಯ ಪಕ್ಕದ ಆರನೆಯದು ಹಸಿರಾಗಿತ್ತು. ಅದರ ಚಕ್ರ ಏನೂ ಆಗದಂತೆ ತನ್ನ ಪಾಡಿಗೆ ತಾನು ತಿರುಗುತ್ತಿತ್ತು.

ಶೈಲಾ ಕೈ ನಿಲ್ಲಿಸದೆ ತಲೆಯೆತ್ತಿದಳು. ಮುಡಿಯ ಮಲ್ಲಿಗೆ ದಿಂಬಿನ ಮೇಲೆ ಚೆಲ್ಲಿಕೊಂಡು ಮಲಗಿದ್ದ ಮಾವಶಿ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣುಗಳಲ್ಲಿ ಗಾಬರಿ ಇರಲಿಲ್ಲ. ಹೊದಿಕೆಯ ಅಡಿಯಲ್ಲಿ, ನಳಿಗೆಯಿಲ್ಲದ ಕೈಯಿದ್ದಲ್ಲಿ, ಮೊಬೈಲಿನ ಬೆಳಕು ಒಮ್ಮೆ ಹೊತ್ತಿ ಆರಿತು.

“ಮಾವಶಿ...” ಎಂದಳು ಶೈಲಾ. “ನೀನ ಏನು? ಯಾಕ?”

“ಹಿಡಿಕಿ ಬಿಡಬ್ಯಾಡ. ಕಾಶವ್ವ ಪಾಪ, ಆಕಿದೇನೂ ತಪ್ಪಿಲ್ಲ,” ಎಂದಳು ಮಾವಶಿ ಎಂದಿನ ಅದೇ ಅಕ್ಕರೆಯ ದನಿಯಲ್ಲಿ. ಆಮೇಲೆ ಶರಣಬಸಪ್ಪನವರ ಕಡೆ ಕಣ್ಣು ಹೊರಳಿಸಿ ನಿಟ್ಟುಸಿರುಬಿಟ್ಟಳು. “ಆ ಮನಿಶ್ಯಾನ ಬಾಯಾಗ ಎಳ್ಳು ನೆನಿಯೂದಿಲ್ಲ ಅಂತ ನನಗ ಮೊದಲ ಗೊತ್ತಿತ್ತು.”